ಸತ್ತ ಗಿಡ ತನ್ನಿ, ಮನೆಯವರೆಲ್ಲ ಬನ್ನಿ

ಮಹಡಿಯ ಮೇಲಿನ ಗಿಡ ಒಣಗಿದರೆ ಮನೆಯವರು ಮೊದಲು ಹುಡುಕುವುದು ಹುಳುವನ್ನಲ್ಲ, ತಪ್ಪು ಹೊರಿಸಲು ಒಬ್ಬರನ್ನು. ಇಸ್ತ್ರಿ ಮಾವನ ಮನೆಯಲ್ಲೂ ಹಾಗೇ ಆಯಿತು.

ಇಸ್ತ್ರಿ ಮಾವ ಎಂದರೆ ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವರು. ಅವರಿಗಿಂತ ಹಿರಿಯರೂ ಅವರನ್ನು ಮಾವ ಎಂದೇ ಕರೆಯುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಂಬಳಿ ಹಾಸಿದ ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಮಡಿಸಿಟ್ಟ ಬಟ್ಟೆ, ನೀರು ಚಿಮುಕಿಸುವ ಬಾಟಲಿ, ಮತ್ತೆ ಅವರ ಹಳೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಕರೆಂಟಿನದು ತಗೊಳ್ಳಿ ಎಂದು ವ್ಯಾನ್ ಓಡಿಸುವ ಮಗ ಹೇಳಿ ಹೇಳಿ ಬಾಯಿ ನೋಯಿಸಿಕೊಂಡ. ಈ ಭಾರ ನೋಡಿದರೇ ಸುಕ್ಕು ಹೆದರಿ ಓಡುತ್ತದೆ, ಕರೆಂಟಿನದಕ್ಕೆ ಯಾವ ಸುಕ್ಕು ಹೆದರುತ್ತದೆ ಎಂಬುದು ಮಾವನ ವಾದ.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗಾಜನ್ನು ಪಕ್ಕಕ್ಕಿಟ್ಟು ಮತ್ತೆ ಉಜ್ಜುವಂಥ ಕೈ ಅವಳದು. ಮದುವೆಯಾಗಿ ಬಂದಾಗ ಅವಳ ಮಡಿಲಲ್ಲಿ ಒಂದು ನಿಂಬೆ ಸಸಿ ಇತ್ತು. ತವರಿನ ಹಿತ್ತಲಲ್ಲಿ ಅವಳ ಅಮ್ಮ ಬೀಜ ಹಾಕಿ ಎಬ್ಬಿಸಿದ್ದು. ಟ್ರಂಕು ಬಟ್ಟೆಯನ್ನೆಲ್ಲ ವ್ಯಾನಿನ ಹಿಂದೆ ಹಾಕಿಸಿ, ಸಸಿಯನ್ನು ಮಾತ್ರ ಯಾರ ಕೈಗೂ ಕೊಡದೆ ತಾನೇ ಹಿಡಿದು ಕೂತು ಬಂದಿದ್ದಳು.

ಮಹಡಿಯ ಮೇಲೆ ಆಗ ಬಟ್ಟೆ ಒಣಹಾಕುವ ತಂತಿ ಬಿಟ್ಟರೆ ಬೇರೇನೂ ಇರಲಿಲ್ಲ. ಸೊಸೆ ಬಂದವಳೇ ಬಣ್ಣದ ಖಾಲಿ ಡಬ್ಬಿ, ಸೀಳು ಬಿಟ್ಟ ವಾಶ್‌ಬೇಸಿನ್, ಹಿಡಿ ಮುರಿದ ಬಕೆಟ್ಟು ಎಲ್ಲವನ್ನೂ ಮೇಲೆ ಸಾಗಿಸಿ, ತಳಕ್ಕೆ ತೂತು ಕೊರೆಸಿ, ಮಣ್ಣು ತುಂಬಿದಳು. ಟೊಮೆಟೊ ಇಟ್ಟಳು, ಮೆಣಸಿನ ಗಿಡ ಇಟ್ಟಳು, ಹುರುಳಿಕಾಯಿ ಬೀಜ ಊರಿದಳು. ಎಲ್ಲಕ್ಕಿಂತ ಒಳ್ಳೆಯ ಬಿಸಿಲಿರುವ ಮೂಲೆಯಲ್ಲಿ ನಿಂಬೆ.

ಇದನ್ನೆಲ್ಲ ನೋಡಿ ಮಾವನಿಗೂ ಹುರುಪು ಬಂತು. ತಾವೂ ಏನಾದರೂ ಮಾಡಬೇಕೆನಿಸಿತು. ಅವರ ಹತ್ತಿರ ಬೇಡವೆಂದರೂ ದಿನಾ ಹುಟ್ಟುವ ವಸ್ತು ಒಂದೇ, ಪೆಟ್ಟಿಗೆಯ ಬೂದಿ. ಮೊದಲೆಲ್ಲ ಅಕ್ಕಪಕ್ಕದವರು ಪಾತ್ರೆ ತಿಕ್ಕಲು ಒಯ್ಯುತ್ತಿದ್ದರು. ಈಗ ಎಲ್ಲರಿಗೂ ನೊರೆ ಬರುವ ಸೋಪೇ ಬೇಕು. ಬೂದಿ ಗಿಡಕ್ಕೆ ಒಳ್ಳೆಯದು ಎಂದು ಚಿಕ್ಕಂದಿನಿಂದ ಕೇಳಿದ ಮಾತು ಅವರಿಗೆ ನೆನಪಾಯಿತು. ಅಂದಿನಿಂದ ಸಂಜೆ ಅಂಗಡಿ ಮುಚ್ಚಿದ ಮೇಲೆ ಬೂದಿಯನ್ನು ಮೊರಕ್ಕೆ ಸುರಿದುಕೊಂಡು ಮೇಲೆ ಹೋಗಿ ಒಂದೊಂದು ಡಬ್ಬಿಗೂ ಮುಷ್ಟಿ ತುಂಬ ಹಾಕಿ ಬರುತ್ತಿದ್ದರು. ಹಾಕಿ ಸುಮ್ಮನೆ ಬರುವವರಲ್ಲ. ಕಾಲರಿನ ಅಂಚು ಕೂರಿಸಿ ರೂಢಿಯಾದ ಕೈ ಅದು. ಹಳೆಯ ಚಮಚದಿಂದ ಮಣ್ಣಿನೊಳಗೆ ನೀಟಾಗಿ ಬೆರೆಸಿ, ಅಂಚಿನಲ್ಲಿ ಬಿದ್ದ ಪುಡಿಯನ್ನೂ ಒರೆಸಿ ಇಳಿಯುತ್ತಿದ್ದರು. ನಿಂಬೆಗೆ ಒಂದು ಮುಷ್ಟಿ ಜಾಸ್ತಿ, ಸೊಸೆಯ ತವರಿನ ಗಿಡವಲ್ಲವೇ. ಅವಳು ಕೆಲಸದಿಂದ ಬಂದು ನೀರು ಹಾಕುವ ಹೊತ್ತಿಗೆ ಕತ್ತಲಾಗುತ್ತಿತ್ತು. ನೀರು ಬಿದ್ದ ಮೇಲೆ ಮಣ್ಣು ಯಾವುದು ಬೂದಿ ಯಾವುದು, ಎಲ್ಲ ಕಪ್ಪು. ಮಾವ ಇದನ್ನು ಯಾರಿಗೂ ಹೇಳಲಿಲ್ಲ. ಮಾಡಿದ್ದನ್ನು ಹೇಳಿಕೊಂಡು ತಿರುಗುವ ಸ್ವಭಾವ ಅವರದಲ್ಲ.

ಕೆಲವು ದಿನ ಗಿಡಗಳು ಚೆನ್ನಾಗಿಯೇ ಇದ್ದವು. ಆಮೇಲೆ ಹುರುಳಿಕಾಯಿ ಬಳ್ಳಿ ಮುದುಡಿತು. ಟೊಮೆಟೊದ ಎಲೆಯ ಅಂಚು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿತು. ನಿಂಬೆಯ ಚಿಗುರು ಹಳದಿಯಾಗಿ ಬಂತು. ಎಲೆಯ ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ಗಿಡ ಸೊರಗಿದ್ದು ಕಂಡ ಮಾವ ಬೂದಿ ಸಾಲುತ್ತಿಲ್ಲ ಎಂದುಕೊಂಡರು. ಒಂದು ಮುಷ್ಟಿ ಇದ್ದದ್ದನ್ನು ಎರಡು ಮಾಡಿದರು.

ಅತ್ತೆಗೆ ಮಂಡಿ ನೋವು, ಮಹಡಿ ಹತ್ತುವವರಲ್ಲ. ಆದರೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವನ್ನೂ ಚೊಂಬಿನಲ್ಲಿ ಕೂಡಿಟ್ಟು ಸೊಸೆಯ ಕೈಲಿ ಮೇಲೆ ಕಳಿಸುತ್ತಿದ್ದರು. ಒಂದು ಬೆಳಗ್ಗೆ ಸೊಸೆ ಟೊಮೆಟೊ ಗಿಡವೂ ಹೋಯಿತೆಂದು ಬಂದು ಹೇಳಿದಾಗ ಅವರು ಒಲೆಯ ಕಡೆ ಮುಖ ಮಾಡಿಕೊಂಡೇ ಅಂದರು:

“ಕೆಲವರಿಗೆ ಕೈಗುಣ ಇರಲ್ಲ ಬಿಡು. ಅದಕ್ಕೆ ಯಾರೇನು ಮಾಡಕ್ಕಾಗತ್ತೆ.”

ಒಲೆಗೆ ಹೇಳಿದ ಮಾತು. ಆದರೆ ಆ ಅಡುಗೆಮನೆಯಲ್ಲಿ ಒಲೆಗೆ ಹೇಳಿದ್ದು ಅಂಗಡಿಯ ಮೇಜಿನವರೆಗೂ ಕೇಳುತ್ತದೆ. ಸೊಸೆ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟಳು. ಹೋಗುವಾಗ ಒಂದು ಸಲ ತನ್ನ ಅಂಗೈ ನೋಡಿಕೊಂಡದ್ದು ಮಾವನ ಕಣ್ಣಿಗೆ ಬಿತ್ತು. ಅಂದಿನಿಂದ ಮೇಲೆ ಹೋದರೂ ಅವಳು ನೀರು ಹಾಕಿ ತಕ್ಷಣ ಇಳಿಯುತ್ತಿದ್ದಳು, ಎಲೆ ಮುಟ್ಟುತ್ತಿರಲಿಲ್ಲ.

ಅದೇ ವಾರ ಔಷಧಿ ಅಂಗಡಿಯ ಅಕ್ಕ ಬಿಳಿ ಕೋಟುಗಳ ಗಂಟು ತಂದು ಮೇಜಿನ ಮೇಲಿಟ್ಟರು. ಎರಡು ಬೀದಿ ಆಚೆ ಅವರ ಅಂಗಡಿ. ಮಾವ ಒಂದು ಕೋಟು ಬಿಡಿಸಿ ಜೇಬು ನೋಡಿ, ತಲೆನೋವಿನ ಮಾತ್ರೆಯನ್ನು ಈಗ ಮಣ್ಣಲ್ಲಿ ಹೂತಿಟ್ಟು ಮಾರುತ್ತೀರಾ ಎಂದು ಕೇಳಿದರು. ಎಷ್ಟು ಒಗೆದರೂ ಜೇಬಿನ ಮೂಲೆಯಲ್ಲಿ ಮಣ್ಣಿನ ಕಲೆ ಹಾಗೇ ಇತ್ತು. ಅಕ್ಕ ನಕ್ಕು, ಅದು ಕೈತೋಟ ಕೂಟದ ಮಣ್ಣು ಅಂದರು. ಗ್ರಂಥಾಲಯದ ಹಿಂದಿನ ಖಾಲಿ ಜಾಗದಲ್ಲಿ ಭಾನುವಾರ ಬೆಳಗ್ಗೆ ಮನೆಯಲ್ಲಿ ಗಿಡ ಬೆಳೆಸುವವರೆಲ್ಲ ಸೇರುತ್ತಾರೆ. ಒಂದು ವಾರ ಬೀಜ ಬದಲಾಯಿಸಿಕೊಳ್ಳುವುದು, ಒಂದು ವಾರ ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡುವ ಪಾಠ, ಒಂದು ವಾರ ಯಾರದಾದರೂ ಮಹಡಿಗೆ ಹೋಗಿ ನೋಡಿ ಬರುವುದು. ತಿಂಗಳ ಕೊನೆಯ ಭಾನುವಾರ ಮಾತ್ರ ವಿಶೇಷ. ಅವತ್ತು ಎಲ್ಲರೂ ಸತ್ತ ಗಿಡ, ಸಾಯುತ್ತಿರುವ ಗಿಡ ತರಬೇಕು.

ಮಾವ ಪೆಟ್ಟಿಗೆಯನ್ನು ಪಕ್ಕದ ಕಬ್ಬಿಣದ ತಟ್ಟೆಯ ಮೇಲಿಟ್ಟರು. ಗಿಡ ಬೆಳೆಸಲಿಕ್ಕೂ ಕ್ಲಾಸು ಎಂಬುದು ಅವರ ತಲೆಗೆ ಹೋಗಲಿಲ್ಲ.

“ನಮ್ಮಜ್ಜಿ ಯಾವ ಕ್ಲಾಸಿಗೆ ಹೋಗಿದ್ರಮ್ಮ? ಅವರು ಉಗುಳಿದ ಬೀಜವೂ ಮರ ಆಗ್ತಿತ್ತು.”

“ನಿಮ್ಮಜ್ಜಿ ಬಣ್ಣದ ಡಬ್ಬೀಲಿ ಬೆಳೆಸಿದ್ರಾ ಮಾವ?” ಅಂದರು ಅಕ್ಕ. “ಅವರದು ನೆಲ. ನೆಲಕ್ಕೆ ಏನು ಹಾಕಿದ್ರೂ ಮಳೆ ಬಂದು ಸ್ವಲ್ಪ ಕೊಚ್ಚಿಕೊಂಡು ಹೋಗತ್ತೆ, ಎರೆಹುಳು ಸ್ವಲ್ಪ ತಿಂದು ಹಾಕತ್ತೆ, ಬೇರು ಬೇಡ ಅಂದ್ರೆ ಪಕ್ಕಕ್ಕೆ ತಿರುಗತ್ತೆ. ಡಬ್ಬೀಲಿರೋ ಬೇರು ಎಲ್ಲಿಗೆ ಓಡಬೇಕು? ನಾವು ಹಾಕಿದ್ದೇ ಅದಕ್ಕೆ ಊಟ, ಅದೇ ಗಾಳಿ, ಅದೇ ಮನೆ.”

ಸತ್ತ ಗಿಡವನ್ನು ತಂದು ಏನು ಮಾಡುತ್ತೀರಿ, ಹಾರ ಹಾಕುತ್ತೀರಾ ಎಂದು ಮಾವ ಕೆಣಕಿದರು. ಕುಂಡ ಬೋರಲು ಹಾಕಿ ಬೇರು ನೋಡುತ್ತೇವೆ, ಯಾಕೆ ಸತ್ತಿತು ಎಂದು ಎಲ್ಲರೂ ಸೇರಿ ಹುಡುಕುತ್ತೇವೆ ಎಂದರು ಅಕ್ಕ. ಹೂಬಿಟ್ಟ ಗಿಡ ನೋಡಿ ಕಲಿಯುವುದಕ್ಕಿಂತ ಒಣಗಿದ ಗಿಡ ನೋಡಿ ಕಲಿಯುವುದು ಜಾಸ್ತಿಯಂತೆ. ಆದರೆ ಒಂದು ಷರತ್ತು. ಕುಂಡಕ್ಕೆ ಕೈ ಹಾಕುವವರು ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ಬರಬೇಕು. ಒಬ್ಬರೇ ಬಂದರೆ ತಮ್ಮ ಪಾಲಿನ ಕಥೆ ಮಾತ್ರ ಹೇಳುತ್ತಾರೆ, ಗಿಡ ಸಾಯುವುದು ಯಾವಾಗಲೂ ಹೇಳದೆ ಬಿಟ್ಟ ಪಾಲಿನಲ್ಲಿ.

ಆಗಲಿ ಆಗಲಿ ಎಂದು ಮಾವ ಮಾತು ಹಾರಿಸಿದರು. ನಮ್ಮ ಮನೆಗೆ ಅದೆಲ್ಲ ಬೇಡ, ಬೂದಿ ಸ್ವಲ್ಪ ಜಾಸ್ತಿ ಮಾಡಿದರೆ ತಾನಾಗಿ ಎದ್ದುಕೊಳ್ಳುತ್ತದೆ ಎಂದು ಅವರ ಮನಸ್ಸಿನ ಲೆಕ್ಕ.

ಶುಕ್ರವಾರ ಸಂಜೆ ಮೊರ ಹಿಡಿದು ಮೆಟ್ಟಿಲು ಹತ್ತುವಾಗ ಮೇಲಿನಿಂದ ಸೊಸೆಯ ದನಿ ಕೇಳಿಸಿತು. ಅವತ್ತು ಬೇಗ ಬಂದಿದ್ದಳು. ನಿಂಬೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಫೋನಿನಲ್ಲಿ ಅಣ್ಣನ ಹತ್ತಿರ ಮಾತಾಡುತ್ತಿದ್ದಳು. ಭಾನುವಾರ ಸಂಜೆ ಬಾ, ಬರುವಾಗ ದೊಡ್ಡ ಬುಟ್ಟಿ ತಾ, ನಿಂಬೆ ಗಿಡ ಅಮ್ಮನಿಗೆ ವಾಪಸ್ ಕೊಟ್ಟುಬಿಡು ಎನ್ನುತ್ತಿದ್ದಳು. ಮಾವನನ್ನು ಕಂಡು ಫೋನ್ ಇಟ್ಟಳು.

“ಯಾಕಮ್ಮ?” ಅಂದರು ಮಾವ.

“ನನ್ನ ಕೈಲಿ ಇದು ಉಳಿಯಲ್ಲ ಮಾವ. ಉಳಿದವು ಹೋದ್ರೆ ಹೋಗಲಿ. ಇದು ಈ ಮನೇಲಿ ಸತ್ತುಹೋದ್ರೆ, ನಾನು ಅಮ್ಮನಿಗೆ ಏನಂತ ಹೇಳಲಿ?”

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಕನ್ನಡಕದ ಅಂಗಡಿಯಲ್ಲಿ ಒಡೆದ ಗಾಜನ್ನು ಬದಿಗಿಡುವವಳ ಹಾಗೆ ಶಾಂತವಾಗಿ ಹೇಳಿದಳು. ಮಾವನಿಗೆ ಕೈಯಲ್ಲಿದ್ದ ಮೊರ ಏಕೋ ಭಾರವೆನಿಸಿತು. ಗಿಡ ಮಡಿಲಲ್ಲಿಟ್ಟುಕೊಂಡು ಬಂದ ಹುಡುಗಿ ಅದನ್ನು ವಾಪಸ್ ಕಳಿಸುತ್ತಾಳೆಂದರೆ, ಈ ಮನೆಯ ಮಣ್ಣಲ್ಲಿ ತನ್ನದು ಏನೂ ಬೇರೂರುವುದಿಲ್ಲ ಎಂದು ಅವಳು ತೀರ್ಮಾನಿಸಿಕೊಂಡ ಹಾಗೆ. ಅಷ್ಟು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಸಂಜೆ ಬೂದಿ ಹಾಕುವುದನ್ನೂ ಮರೆತು ಕೆಳಗಿಳಿದರು.

ರಾತ್ರಿ ಊಟದ ಹೊತ್ತಿಗೆ ಅವರೇ ಮಾತು ತೆಗೆದರು. ಭಾನುವಾರ ತಿಂಗಳ ಕೊನೆಯದು, ಔಷಧಿ ಅಂಗಡಿಯ ಅಕ್ಕನ ಕೂಟಕ್ಕೆ ಗಿಡ ಒಯ್ಯೋಣ, ಅಣ್ಣ ಬರುವುದು ಸಂಜೆಗೆ ತಾನೇ ಅಂದರು. ಸತ್ತ ಗಿಡ ಹೊತ್ತುಕೊಂಡು ಬೀದಿಯಲ್ಲಿ ಮೆರವಣಿಗೆ ಹೋಗಬೇಕಾ, ನಗೋರ ಮುಂದೆ ಎಡವಿ ಬೀಳೋದು ಅಂದರೆ ಇದೇ ಎಂದು ಅತ್ತೆ ಗೊಣಗಿದರು. ನೀನೂ ಬರಬೇಕು, ಚೊಂಬು ಕಳಿಸುವವಳು ನೀನೇ ಅಲ್ಲವಾ ಎಂದು ಮಾವ ಅಂದಾಗಲಂತೂ ಅತ್ತೆ ತಟ್ಟೆಯನ್ನೇ ಪಕ್ಕಕ್ಕೆ ಸರಿಸಿದರು. ಕೊನೆಗೆ, ತಳ್ಳುಗಾಡಿಯಲ್ಲಿ ಗಿಡದ ಪಕ್ಕ ನಿನಗೂ ಜಾಗ ಇದೆ ಎಂದು ಮಾವ ಹೇಳಿದ್ದಕ್ಕೆ ಅತ್ತೆ, ನನ್ನ ಕಾಲು ಇನ್ನೂ ನನ್ನ ಹತ್ತಿರವೇ ಇದೆ ಎಂದು ಎದ್ದು ಹೋದರು. ಅದು ಒಪ್ಪಿಗೆ ಎಂದು ಮನೆಯವರಿಗೆಲ್ಲ ಗೊತ್ತು.

ಭಾನುವಾರ ಬಟ್ಟೆಯ ತಳ್ಳುಗಾಡಿಯಲ್ಲಿ ನಿಂಬೆ ಡಬ್ಬಿ, ಪಕ್ಕದಲ್ಲಿ ಸತ್ತ ಟೊಮೆಟೊ. ನಾಚಿಕೆಗೆ ಮಾವ ಎರಡಕ್ಕೂ ಒಂದು ಹಾಸಿಗೆಯ ಚಾದರ ಹೊದಿಸಿದ್ದರು. ಅದೇ ಎಡವಟ್ಟಾಯಿತು. ಕಂಡವರೆಲ್ಲ ಯಾರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದೀರಿ ಎಂದು ಕೇಳುವವರೇ. ಮಾವ ಚಾದರ ಕಿತ್ತು ಮಡಿಸಿಟ್ಟು, ನೋಡೋರು ನೋಡಿಕೊಳ್ಳಲಿ ಎಂದು ಗಾಡಿ ತಳ್ಳಿದರು.

ಗ್ರಂಥಾಲಯದ ಹಿಂದೆ ಉದ್ದ ಮೇಜು ಹಾಕಿದ್ದರು. ಬಂದವರೆಲ್ಲರ ಕೈಯಲ್ಲೂ ಒಂದೊಂದು ಒಣಗಿದ ಕಡ್ಡಿ. ಇಷ್ಟೊಂದು ಜನರ ಮನೆಯಲ್ಲಿ ಗಿಡ ಸಾಯುತ್ತದೆಯೇ ಎಂದು ಸೊಸೆ ಕಣ್ಣರಳಿಸಿ ನೋಡಿದಳು. ಮೊದಲ ಸರದಿ ಬಸ್ ಓಡಿಸಿ ನಿವೃತ್ತರಾದ ಒಬ್ಬರದು, ಅವರನ್ನು ಎಲ್ಲರೂ ಬ್ರೇಕ್ ತಾತ ಎನ್ನುತ್ತಿದ್ದರು. ಅವರ ಪುದೀನ ಕೊಳೆತು ಹೋಗಿತ್ತು. ಕುಂಡ ಬೋರಲು ಹಾಕಿದರೆ ಕೆಸರು ದೊಪ್ಪನೆ ಬಿತ್ತು, ನಾರುವ ಕೆಸರು. ತಳದಲ್ಲಿ ತೂತೇ ಇರಲಿಲ್ಲ. ಬೆಳಗ್ಗೆ ತಾತ, ಮಧ್ಯಾಹ್ನ ಅವರ ಹೆಂಡತಿ, ಸಂಜೆ ಮೊಮ್ಮಗಳು, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ನೀರು ಹಾಕುತ್ತಿದ್ದರಂತೆ. ಬಸ್ಸಿಗೆ ಬ್ರೇಕ್ ಹಾಕೋಕೆ ಬರತ್ತೆ, ಬಕೆಟ್ಟಿಗೆ ಬರಲ್ವಾ ಎಂದು ಯಾರೋ ಅಂದರು. ಎಲ್ಲರಿಗಿಂತ ಜೋರಾಗಿ ತಾತನೇ ನಕ್ಕರು. ಮಣ್ಣೊಳಗೆ ಬೆರಳು ಗೆಣ್ಣಿನವರೆಗೆ ಇಳಿಸಿ ನೋಡುವುದು, ಒಳಗೂ ಒಣಗಿದ್ದರೆ ಮಾತ್ರ ನೀರು, ಅದೂ ತೂತಿನಿಂದ ಹನಿ ಇಳಿಯುವವರೆಗೆ. ಅಷ್ಟನ್ನು ಅಕ್ಕ ಅಲ್ಲೇ ಎಲ್ಲರ ಬೆರಳೂ ಮಣ್ಣಿಗೆ ಇಳಿಸಿಯೇ ಕಲಿಸಿದರು.

ಆಮೇಲೆ ಇವರ ಸರದಿ. ಸೊಸೆ ತಾನು ಹಾಕುವ ನೀರಿನ ಬಗ್ಗೆ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಯಾರಿಗೂ ಏನೂ ಸಿಗಲಿಲ್ಲ. ಅತ್ತೆ ಚೊಂಬಿನ ಕಥೆ ಹೇಳಿದರು. ಅದರಲ್ಲಿ ಉಪ್ಪು, ಎಣ್ಣೆ ಇಲ್ಲದಿದ್ದರೆ ಏನೂ ಅಡ್ಡಿಯಿಲ್ಲ ಅಂದರು ಔಷಧಿ ಅಂಗಡಿಯ ಅಕ್ಕ. ಅಷ್ಟಕ್ಕೆ ಸುಮ್ಮನಿರದೆ ಅತ್ತೆ, ನೀರಿನದೇನಿಲ್ಲ, ಎಲ್ಲ ಕೈಗುಣ ಅಂದುಬಿಟ್ಟರು.

ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೆ ಓ ಎಂದರು. ಬ್ರೇಕ್ ತಾತ ಎದ್ದು ಒಂದು ನೀರಿನ ಕ್ಯಾನು ತಂದು ಅತ್ತೆಯ ಕೈಗೆ ಕೊಟ್ಟರು. ಆ ಮಾತು ಆಡಿದವರು ನಲ್ಲಿಯಿಂದ ಒಂದು ಕ್ಯಾನು ನೀರು ತಂದು ಕೂಟದ ತರಕಾರಿ ಮಡಿಗೆ ಹಾಕಬೇಕು, ಅದು ಇಲ್ಲಿಯ ಕಟ್ಟಳೆ.

“ಯಾಕಂತೆ?” ಅಂದರು ಅತ್ತೆ, ಕ್ಯಾನು ಹಿಡಿದುಕೊಂಡೇ.

“ಕೈಗುಣ ಅಂದ್ಬಿಟ್ರೆ ಹುಡುಕೋದು ನಿಂತುಹೋಗತ್ತೆ ಅಮ್ಮ,” ಅಂದರು ಅಕ್ಕ. “ಆಮೇಲೆ ಒಬ್ಬರು ಹಣೆಪಟ್ಟಿ ಹೊತ್ಕೊಂಡು ಓಡಾಡ್ತಾರೆ, ಗಿಡ ಮಾತ್ರ ಸಾಯ್ತಾನೇ ಇರತ್ತೆ.”

ಇನ್ನು ಮಾವನ ಪಾಲು. ನನ್ನದೇನಿಲ್ಲ, ಗಾಡಿ ತಳ್ಳಿದೆ ಅಷ್ಟೇ ಅಂದರು ಅವರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬೂದಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಳ್ಳೆಯದಕ್ಕೆ ಮಾಡಿದ್ದನ್ನು ಯಾರಾದರೂ ಕಾರಣಗಳ ಜೊತೆ ಸೇರಿಸುತ್ತಾರೆಯೇ?

ಟೊಮೆಟೊ ಡಬ್ಬಿಯನ್ನು ಬೋರಲು ಹಾಕಿದರು. ಮಣ್ಣು ಉದುರಲಿಲ್ಲ. ಗೋಡೆಗೆ ಬಳಿದ ಗಾರೆಯ ಹಾಗೆ ಮೇಲ್ಪದರದ ಕೆಳಗೆ ಬೂದು ಬಣ್ಣದ ಗಟ್ಟಿ ಹೆಂಟೆಯಾಗಿ ಕೂತಿತ್ತು. ಸಿಮೆಂಟು ಕಲಸಿದ್ದೀರಾ ಎಂದು ತಾತ ಬಗ್ಗಿ ನೋಡಿದರು. ಅಕ್ಕ ಆ ಮಣ್ಣನ್ನು ಸ್ವಲ್ಪ ಗಾಜಿನ ಲೋಟಕ್ಕೆ ಹಾಕಿ, ತಮ್ಮ ಅಂಗಡಿಯಿಂದ ತಂದಿದ್ದ ಶುದ್ಧ ನೀರು ಬೆರೆಸಿ ಕಲಕಿದರು. ಪಕ್ಕದ ಲೋಟದಲ್ಲಿ ಕೂಟದ ಮಡಿಯ ಒಳ್ಳೆಯ ಮಣ್ಣು. ತಿಳಿಯಾದ ಮೇಲೆ ಎರಡಕ್ಕೂ ಬಣ್ಣ ಬದಲಾಗುವ ಕಾಗದದ ಪಟ್ಟಿ ಅದ್ದಿದರು. ಕೂಟದ ಮಣ್ಣಿನ ಪಟ್ಟಿ ಎಳೆ ಹಸಿರಾಯಿತು. ಇವರದು ನೋಡನೋಡುತ್ತಿದ್ದಂತೆ ಕಡುನೀಲಿಗೆ ತಿರುಗಿತು. ನಿಂಬೆಯ ಮಣ್ಣಿನದು ಅದಕ್ಕಿಂತ ಕಡು.

ಈ ಮಣ್ಣಿಗೆ ಕ್ಷಾರ ಏರಿದೆ, ಸುಣ್ಣವೋ ಬೂದಿಯೋ ಯಾರೋ ಬಹಳ ಹಾಕಿದ್ದಾರೆ ಅಂದರು ಅಕ್ಕ. ಹೀಗಾದಾಗ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದು ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುವುದು ಅದಕ್ಕೇ.

“ನಾನೇನೂ ಹಾಕಿಲ್ಲ,” ಅಂದಳು ಸೊಸೆ. ಆಮೇಲೆ ದನಿ ತಗ್ಗಿಸಿ, “ನನಗೆ ಗೊತ್ತಿಲ್ದೆ ನಾನೇ ಏನೋ ಮಾಡಿರಬೇಕು” ಎಂದು ಮತ್ತೆ ಅಂಗೈ ನೋಡಿಕೊಂಡಳು.

ಬೂದಿ ಎಂಬ ಮಾತು ಮಾವನಿಗೆ ಈಗ ಲೆಕ್ಕಕ್ಕೆ ಬಂತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ಬುಟ್ಟಿ ಬರುತ್ತದೆ, ನಿಂಬೆ ಹೋಗುತ್ತದೆ, ಬೂದಿ ಹಾಕುವುದನ್ನು ನಾಳೆಯಿಂದ ನಿಲ್ಲಿಸಿದರಾಯಿತು. ಆದರೆ ಆ ಅಂಗೈ? ಸುತ್ತ ನಿಂತವರಲ್ಲಿ ಅರ್ಧ ಜನ ಅವರ ಹತ್ತಿರ ಬಟ್ಟೆ ಕೊಡುವವರೇ. ಒಂದು ಅಂಗಿಯ ತೋಳಿನಲ್ಲಿ ಎರಡು ಗೆರೆ ಬಿದ್ದರೆ ಬಿಚ್ಚಿ ಮತ್ತೆ ಮಾಡುವ ಮನುಷ್ಯ ಅವರು. ಇಂಥ ಸುಕ್ಕನ್ನು ಮಡಿಸಿ ಒಳಗಿಡುವುದು ಅವರಿಂದಾಗಲಿಲ್ಲ.

“ಅವಳ ಕೈ ಅಲ್ಲಮ್ಮ ಅದು. ನಂದು,” ಅಂದರು. “ದಿನಾ ಸಂಜೆ ಪೆಟ್ಟಿಗೆ ಬೂದಿ ನಾನೇ ಹಾಕ್ತಿದ್ದೆ. ಗಿಡಕ್ಕೆ ಒಳ್ಳೇದು ಅಂತ. ಸೊರಗಿದ ಮೇಲೆ ಇನ್ನೂ ಜಾಸ್ತಿ ಹಾಕಿದೆ. ಅವಳಿಗೆ ಗೊತ್ತೇ ಇಲ್ಲ.”

ಬ್ರೇಕ್ ತಾತ ಮಾವನ ಬೆನ್ನ ಮೇಲೆ ಕೈಯಿಟ್ಟು, “ಬನ್ನಿ ಮಾವ, ನಮ್ಮ ಗುಂಪಿಗೇ ಸೇರಿದಿರಿ. ನಾನು ಮುಳುಗಿಸಿದೆ, ನೀವು ಸುಟ್ರಿ” ಅಂದರು. ನಗು ಎದ್ದಿತು. ಜೀವಮಾನವಿಡೀ ಕಬ್ಬಿಣದ ಪೆಟ್ಟಿಗೆ ಹಿಡಿದವರ ಮನೆಯ ಗಿಡಕ್ಕೇ ಕಬ್ಬಿಣ ಸಿಗದೆ ಹೋಯಿತಲ್ಲ ಎಂದು ಇನ್ನೊಬ್ಬರು ಸೇರಿಸಿದರು. ಮಾವನೂ ನಕ್ಕರು, ಅರ್ಧ.

ಬೂದಿ ಒಳ್ಳೆಯದು ಎಂದು ನೀವು ಕೇಳಿದ್ದು ಸುಳ್ಳಲ್ಲ ಮಾವ ಎಂದು ಅಕ್ಕ ಬಿಡಿಸಿ ಹೇಳಿದರು. ಮಾತ್ರೆಯೂ ಒಳ್ಳೆಯದೇ, ಹಾಗೆಂದು ಸೀಸೆ ಪೂರ್ತಿ ನುಂಗಿದರೆ ಏನಾಗುತ್ತದೆ? ದೊಡ್ಡ ಕುಂಡಕ್ಕೆ ಒಂದು ಚಮಚ, ಅದೂ ವರ್ಷದಲ್ಲಿ ಒಂದೆರಡು ಸಲ, ಅಷ್ಟು ಸಾಕು. ನಿಂಬೆಯಂಥ ಗಿಡಕ್ಕೆ ಅದೂ ಬೇಡ. ಬೂದಿಯೂ ಬರೀ ಕಟ್ಟಿಗೆಯದೋ ಇದ್ದಿಲಿನದೋ ಆಗಿರಬೇಕು, ಕಸ, ಪ್ಲಾಸ್ಟಿಕ್ಕು ಸುಟ್ಟದ್ದನ್ನು ತಿನ್ನುವ ಗಿಡದ ಹತ್ತಿರವೂ ತರಬಾರದು. ಗಿಡ ಸೊರಗಿದಾಗ ಏನನ್ನಾದರೂ ಹೆಚ್ಚು ಹಾಕುವ ಮೊದಲು, ಈಗಾಗಲೇ ಏನು ಹಾಕಿದ್ದೇವೆ ಎಂದು ಮನೆಯವರನ್ನೆಲ್ಲ ಕೇಳಬೇಕು.

ಮೇಜಿನ ಮೇಲೇ ನಿಂಬೆಯ ಚಿಕಿತ್ಸೆ ನಡೆಯಿತು. ಬೂದಿ ಕೂತ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಬಿಡಿಸಿದರು. ಆ ಕೆಲಸವನ್ನು ಅಕ್ಕ ಬೇಕೆಂದೇ ಸೊಸೆಗೆ ಬಿಟ್ಟರು. ಗಾಜು ಒರೆಸಿದಷ್ಟು ನವಿರಾಗಿ ಅವಳು ಬೇರು ಬಿಡಿಸುವುದನ್ನು ಮೇಜಿನ ಸುತ್ತ ಇದ್ದವರೆಲ್ಲ ಬಗ್ಗಿ ನೋಡಿದರು. ಹೊಸ ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ, ಡಬ್ಬಿಯ ತಳದ ತೂತು ತೆರೆದಿದೆಯೇ ಎಂಬ ಪರೀಕ್ಷೆ, ಆಮೇಲೆ ತೂತಿನಿಂದ ಇಳಿಯುವಷ್ಟು ನೀರು. ಹಳದಿಯಾದ ಎಲೆ ಮತ್ತೆ ಹಸಿರಾಗಲಿಕ್ಕಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ, ಹೊಸ ಚಿಗುರನ್ನು ನೋಡಿ, ಅದು ಹಸಿರಾಗಿ ಬಂದರೆ ಗಿಡ ಉಳಿಯಿತು ಎಂದು ಅಕ್ಕ ಹೇಳಿದರು.

ಇಷ್ಟಾಗುವಷ್ಟರಲ್ಲಿ ಅತ್ತೆ ಕ್ಯಾನಿನ ನೀರು ಹಾಕಿ ಬಂದಿದ್ದರು. ಬಂದವರು ಕೂರದೆ ಮತ್ತೆ ನಲ್ಲಿಯ ಕಡೆ ನಡೆದರು. ಒಂದೇ ಕ್ಯಾನು ಅಮ್ಮ, ನಿಮ್ಮದು ಮುಗಿಯಿತು ಎಂದು ತಾತ ಕೂಗಿ ಹೇಳಿದರು.

“ಒಂದು ಇಲ್ಲಿ ಅಂದಿದ್ದಕ್ಕೆ,” ಅಂದರು ಅತ್ತೆ, ಸೊಸೆಯ ಕಡೆ ನೋಡುತ್ತ. “ಇನ್ನೊಂದು ಒಲೆ ಮುಂದೆ ಅಂದಿದ್ನಲ್ಲ, ಅದಕ್ಕೆ.”

ಸೊಸೆ ಮಣ್ಣಿನ ಕೈಯಲ್ಲೇ ಎದ್ದು ಹೋಗಿ ಕ್ಯಾನಿನ ಇನ್ನೊಂದು ಬದಿ ಹಿಡಿದಳು. ಬೇಡ ಬಿಡು ಅಂದರು ಅತ್ತೆ. ಬಿಡಲಿಲ್ಲ ಅವಳು.

ಸಂಜೆ ಅಣ್ಣ ಹೇಳಿದಂತೆ ದೊಡ್ಡ ಬುಟ್ಟಿ ಹಿಡಿದು ಬಂದ. ನಿಂಬೆ ತನ್ನ ಮೂಲೆಯಲ್ಲಿ, ಈಗಷ್ಟೇ ಜ್ವರ ಬಿಟ್ಟವರ ಹಾಗೆ ಜೋಲಾಗಿ ನಿಂತಿತ್ತು. ಇದನ್ನು ನೋಡಿದರೆ ಉಳಿಯುವ ಹಾಗೆ ಕಾಣುವುದಿಲ್ಲ, ಒಯ್ಯುತ್ತೇನೆ ಕೊಡು ಎಂದ ಅವನು. ಮಾವ ಮೆಟ್ಟಿಲ ಹತ್ತಿರವೇ ನಿಂತು ಸೊಸೆಯ ಬಾಯಿ ನೋಡುತ್ತಿದ್ದರು.

“ಬೇಡ ಅಣ್ಣ. ಉಳಿಯಲಿ, ಬಿಡಲಿ, ನಮ್ಮ ಮನೇಲೇ ಇರಲಿ,” ಅಂದಳು ಅವಳು. “ಯಾಕೆ ಸೊರಗಿತು ಅಂತ ಈಗ ಗೊತ್ತಿದೆಯಲ್ಲ.”

ನಮ್ಮ ಮನೆ ಎಂಬ ಮಾತು ಕೇಳಿ ಮಾವ ಹೆಗಲ ಮೇಲಿನ ಟವೆಲಿನಿಂದ ಬೆವರೇ ಇಲ್ಲದ ಮುಖವನ್ನು ಒರೆಸಿಕೊಂಡರು. ಬುಟ್ಟಿ ಹೊತ್ತು ತಂದದ್ದು ದಂಡವಾಯಿತಲ್ಲ ಎಂದು ಅಣ್ಣ ಗೊಣಗಿದಾಗ, ಇಸ್ತ್ರಿಗೆ ಬಟ್ಟೆ ತುಂಬಿಕೊಂಡು ಬರಬೇಕಿತ್ತು, ಖಾಲಿ ಯಾಕೆ ತಂದೆ ಎಂದು ಅವನಿಗೇ ತಿರುಗಿಸಿದರು.

ಚಿಗುರು ಬರಲು ಸಮಯ ಹಿಡಿಯಿತು. ಒಂದು ಬೆಳಗ್ಗೆ ಸೊಸೆ ಮೇಲಿನಿಂದ ಕರೆದಳು. ಅತ್ತೆ ಮಂಡಿ ಹಿಡಿದುಕೊಂಡು, ಮೆಟ್ಟಿಲಿಗೊಂದು ಬೈಗುಳ ಬೈಯುತ್ತ ಮಹಡಿ ಹತ್ತಿದರು. ನಿಂಬೆಯ ತುದಿಯಲ್ಲಿ ಉಗುರಿನಷ್ಟು ಎಲೆ, ನರವೂ ಹಸಿರು, ನಡುವೂ ಹಸಿರು.

ಈಗ ಕೂಟದಲ್ಲಿ ತಿಂಗಳ ಕೊನೆಯ ಭಾನುವಾರ ಬೂದಿಯ ಪಾಠ ಇಸ್ತ್ರಿ ಮಾವನದೇ. ಒಂದು ಕೈಯಲ್ಲಿ ಮುಷ್ಟಿ ಬೂದಿ, ಇನ್ನೊಂದರಲ್ಲಿ ಚಮಚ ಹಿಡಿದು, ಇದು ಪ್ರೀತಿ, ಇದು ಅಳತೆ, ಗಿಡಕ್ಕೆ ಎರಡೂ ಬೇಕು ಎನ್ನುತ್ತಾರೆ. ಮೊದಲ ಸಲ ಬಂದವರು ಸತ್ತ ಗಿಡವನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಬಂದರೆ ಆ ಬಟ್ಟೆ ತಾವೇ ತೆಗೆದು ನೀಟಾಗಿ ಮಡಿಸಿಡುತ್ತಾರೆ. ಪೆಟ್ಟಿಗೆ ಮಾತ್ರ ಇನ್ನೂ ಇದ್ದಿಲಿನದೇ.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕಿಟಕಿಯಲ್ಲೋ ಮಹಡಿಯಲ್ಲೋ ಒಂದು ಒಣಗಿದ ಕುಂಡ ಇದ್ದೇ ಇರುತ್ತದೆ. ಅದನ್ನು ಮೂಲೆಗೆ ತಳ್ಳಬೇಡಿ, ಅದರ ಹೆಸರಲ್ಲಿ ಮನೆಯವರ ಮೇಲೆ ಬೆರಳು ತೋರಿಸಬೇಡಿ. ಹಾಗೇ ಎತ್ತಿಕೊಂಡು ನಿಮ್ಮ ಹತ್ತಿರದ ಕೈತೋಟ ಕೂಟಕ್ಕೆ ಬನ್ನಿ. ಕೂಟ ಇಲ್ಲವೇ? ಅಕ್ಕಪಕ್ಕದ ನಾಲ್ಕು ಮನೆಯವರು ಒಂದು ಮೇಜಿನ ಸುತ್ತ ನಿಂತರೆ ಅದೇ ಕೂಟ. ನೀರು ಹಾಕುವವರು ಬರಲಿ, ಗೊಬ್ಬರ ಹಾಕುವವರು ಬರಲಿ, ಯಾರಿಗೂ ಹೇಳದೆ ಏನೋ ಒಂದು ಹಾಕಿ ಬರುವವರು ಮನೆಯಲ್ಲಿ ಇದ್ದರಂತೂ ಅವರನ್ನು ಮೊದಲು ಕರೆತನ್ನಿ. ಕುಂಡ ಬೋರಲು ಹಾಕಿ, ಬೇರು ನೋಡಿ, ಕೇಳಿ, ಕಲಿಯಿರಿ, ಮತ್ತೆ ನೆಡಿ.

ಹೋಗುವಾಗ ಕೈ ತೊಳೆದುಕೊಳ್ಳಲು ನಲ್ಲಿ ಇದೆ. ಪಕ್ಕದಲ್ಲಿ ಒಂದು ಕ್ಯಾನೂ ಇದೆ. ಅದು ಯಾವ ಮಾತು ಆಡಿದವರಿಗೆ ಎಂದು ನಿಮಗೆ ಈಗ ಗೊತ್ತು.